‘ಗೆಟ್’: ಸಿಗುವುದು, ಆಗುವುದು, ಕೊಳ್ಳುವುದು



ಇಂಗ್ಲಿಷ್ ಬಾರದ ಹಳ್ಳಿಯ ಹಿರಿಯರಿಗೂ ಅರ್ಥವಾಗುವ ಇಂಗ್ಲಿಷ್ ಕ್ರಿಯಾಪದ ಯಾವುದು ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ನನ್ನ ಉತ್ತರ ‘ಗೆಟ್’. ನಮ್ಮ ಹಳೆಯ ಚಲನಚಿತ್ರಗಳಲ್ಲಿ ಸೂಟು ಧರಿಸಿದ ಶ್ರೀಮಂತ ತಂದೆ ಬಾಗಿಲ ಕಡೆ ಬೆರಳು ತೋರಿಸಿ ‘ಗೆಟ್ ಔಟ್’ ಎಂದು ಗುಡುಗಿದಾಗ, ಟೂರಿಂಗ್ ಟಾಕೀಸಿನ ನೆಲದಲ್ಲಿ ಕುಳಿತವರಿಗೂ ಅದನ್ನು ಯಾರೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ. ಸಿನಿಮಾ ಪತ್ರಿಕೆಗಳು ಅದೇ ಪದದಿಂದ ‘ಗೆಟಪ್’ ಎಂಬ ಮಾತನ್ನು ಕನ್ನಡಕ್ಕೆ ತಂದಿವೆ. ನಾಯಕನಟ ಗಡ್ಡ ಬಿಟ್ಟರೆ ಹೊಸ ಗೆಟಪ್, ಗಡ್ಡ ತೆಗೆದರೆ ಇನ್ನೊಂದು ಗೆಟಪ್.

ಇಷ್ಟು ಪರಿಚಿತವಾದ ಪದವೇ ನಮ್ಮ ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವ ಪದವೂ ಹೌದು. ಪರದೆಯ ಮೇಲಿನ ಮಾತುಕತೆಯಲ್ಲಿ ಸಮಯ ಸಾಲದೆ ಉಳಿದುಹೋದ ಸಂಗತಿಗಳನ್ನು ಇಲ್ಲಿ ಸ್ವಲ್ಪ ಬಿಡುವಾಗಿ ಹೇಳುತ್ತೇನೆ.

ಮೊದಲು ನನ್ನದೇ ಒಂದು ಫಜೀತಿಯಿಂದ ಆರಂಭಿಸೋಣ. ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪದವಿ ಮುಗಿಸಿ ಮೊದಲ ಸಲ ಬೆಂಗಳೂರಿನ ಒಂದು ಕಚೇರಿಗೆ ಸಂದರ್ಶನಕ್ಕೆ ಹೋದೆ. ಮೇಜಿನ ಆ ಬದಿ ಕುಳಿತಿದ್ದ ಅಧಿಕಾರಿ ಕೆಲಸದ ಸ್ವರೂಪವನ್ನು ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿದರು. ಮುಕ್ಕಾಲು ಪಾಲು ನನಗೆ ತಿಳಿಯಿತು. ಕೊನೆಯಲ್ಲಿ ಅವರು, ‘ಡಿಡ್ ಯೂ ಗೆಟ್ ಇಟ್?’ ಎಂದು ಕೇಳಿದರು. ‘ಗೆಟ್’ ಎಂದರೆ ಸಿಗುವುದು ಎಂದು ಕಂಠಪಾಠ ಮಾಡಿದ್ದವನು ನಾನು. ಕೆಲಸ ಇನ್ನೂ ಸಿಕ್ಕಿಲ್ಲವಲ್ಲ! ವಿನಯದಿಂದ ‘ನಾಟ್ ಯೆಟ್, ಸರ್’ ಎಂದೆ. ಅವರು ಪಾಪ, ಮತ್ತೆ ಮೊದಲಿನಿಂದ ಎಲ್ಲವನ್ನೂ ನಿಧಾನವಾಗಿ ವಿವರಿಸಿ, ಮತ್ತೆ ಅದೇ ಪ್ರಶ್ನೆ ಹಾಕಿದರು. ನಾನು ಮತ್ತೆ ಅದೇ ಉತ್ತರ ಕೊಟ್ಟೆ. ಮೂರನೆಯ ಸಲ ಅವರು ಕೇಳಲಿಲ್ಲ. ಕೆಲಸವೂ ಸಿಗಲಿಲ್ಲ. ಅದೇ ಅಧಿಕಾರಿ ‘ಕಾಂಪ್ರಿಹೆಂಡ್’ ಎಂಬ ದೊಡ್ಡ ಪದ ಬಳಸಿದ್ದರೆ ನಾನು ತಟ್ಟನೆ ಉತ್ತರಿಸುತ್ತಿದ್ದೆ. ಅದರ ಅರ್ಥ, ಸಮಾನಾರ್ಥಕ ಪದಗಳು, ವಿರುದ್ಧ ಪದ ಎಲ್ಲವೂ ನನ್ನ ನೋಟ್ ಪುಸ್ತಕದಲ್ಲಿದ್ದವು. ‘ಗೆಟ್’ ಮತ್ತು ‘ಕಾಂಪ್ರಿಹೆಂಡ್’ ಒಂದೇ ಬೇರಿನ ಬಂಧುಗಳು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ಕಥೆಗೆ ಆಮೇಲೆ ಬರುತ್ತೇನೆ.

ದೊಡ್ಡ ಪದಗಳು ಪುಸ್ತಕದಲ್ಲಿರುತ್ತವೆ, ಚಿಕ್ಕ ಪದಗಳು ಬಾಯಲ್ಲಿರುತ್ತವೆ. ಪುಸ್ತಕದಿಂದ ಮಾತ್ರ ಇಂಗ್ಲಿಷ್ ಕಲಿತವರಿಗೆ ತೊಡಕಾಗುವುದು ಈ ಚಿಕ್ಕ ಪದಗಳೇ. ಜಗತ್ಪ್ರಸಿದ್ಧವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 20 ಸಂಪುಟಗಳ ಎರಡನೆಯ ಆವೃತ್ತಿ 1989ರಲ್ಲಿ ಹೊರಬಂದಾಗ ಅದರಲ್ಲಿ ಅತಿ ಉದ್ದದ ವಿವರಣೆ ಪಡೆದದ್ದು ‘ಸೆಟ್’ ಎಂಬ ಕ್ರಿಯಾಪದ. ಮುಂದೆ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು; ಅದಕ್ಕೆ ಆರುನೂರಕ್ಕೂ ಹೆಚ್ಚು ಅರ್ಥಗಳನ್ನು ಗುರುತಿಸಲಾಗಿದೆ. ಎರಡೂ ಮೂರೇ ಅಕ್ಷರದ ಪದಗಳು. ನಮ್ಮ ‘ಗೆಟ್’ ಕೂಡ ಅದೇ ಜಾತಿಯದು. ಇಂಥ ಪದದ ಅರ್ಥಗಳನ್ನು ಒಂದು, ಎರಡು, ಮೂರು ಎಂದು ಉರು ಹೊಡೆಯಲು ಹೊರಟರೆ ಆಯುಷ್ಯ ಸಾಲದು. ಅದರ ಸ್ವಭಾವ ತಿಳಿದುಕೊಂಡರೆ ಅರ್ಥಗಳು ತಾವಾಗಿಯೇ ಹೊಳೆಯುತ್ತವೆ.

ಆ ಸ್ವಭಾವ ಯಾವುದು? ‘ಹ್ಯಾವ್’ ಮತ್ತು ‘ಗೆಟ್’ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ‘ಐ ಹ್ಯಾವ್ ಎ ಬುಕ್’ ಎಂದರೆ ಪುಸ್ತಕ ನನ್ನ ಹತ್ತಿರ ಇದೆ. ‘ಐ ಗಾಟ್ ಎ ಬುಕ್’ ಎಂದರೆ ಇಲ್ಲದಿದ್ದ ಪುಸ್ತಕ ನನ್ನ ಬಳಿಗೆ ಬಂತು. ಒಂದು ಇರುವುದನ್ನು ಹೇಳುತ್ತದೆ, ಇನ್ನೊಂದು ಬದಲಾದುದನ್ನು ಹೇಳುತ್ತದೆ. ‘ಗೆಟ್’ ಇದ್ದ ಕಡೆಯಲ್ಲೆಲ್ಲ ಹೀಗೆ ಒಂದು ಹೊಸ್ತಿಲು ದಾಟಿದ ಕೆಲಸ ನಡೆದಿರುತ್ತದೆ. ವಸ್ತು ನಮ್ಮ ಬಳಿಗೆ ಬಂದರೆ ‘ಗಾಟ್ ಎ ಲೆಟರ್’, ಕಾಗದ ಬಂತು. ನಾವೇ ಒಂದು ಊರಿಗೆ ಹೋಗಿ ಮುಟ್ಟಿದರೆ ‘ಗಾಟ್ ಟು ಹುಬ್ಬಳ್ಳಿ’, ಹುಬ್ಬಳ್ಳಿ ತಲುಪಿದೆವು. ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಬಂದರೆ ‘ಗಾಟ್ ಟಯರ್ಡ್’, ಸುಸ್ತಾಯಿತು. ಮಾತಿನ ಅರ್ಥ ತಲೆಯೊಳಗೆ ಬಂದು ಕುಳಿತರೆ ‘ಗಾಟ್ ಇಟ್’, ತಿಳಿಯಿತು. ನಾಲ್ಕು ಬೇರೆ ಬೇರೆ ಅರ್ಥಗಳಂತೆ ಕಾಣುವ ಇವೆಲ್ಲ ಒಂದೇ ಕ್ರಿಯೆಯ ನಾಲ್ಕು ಮುಖಗಳು.

ಇಲ್ಲಿ ಕನ್ನಡಿಗರಾದ ನಮಗೆ ಎದುರಾಗುವ ತೊಡಕು ಪದದ್ದಲ್ಲ, ವಾಕ್ಯದ ಕಟ್ಟಿನದು. ನಾವು ‘ನನಗೆ ಕೆಲಸ ಸಿಕ್ಕಿತು’ ಎನ್ನುತ್ತೇವೆ. ಈ ವಾಕ್ಯದಲ್ಲಿ ಕರ್ತೃ ಯಾರು? ಕೆಲಸ! ಸಿಕ್ಕಿದ್ದು ಅದು. ನಾನು ಬರಿಯ ‘ನನಗೆ’, ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ಒಂದು ಬದಿಗೆ ನಿಂತವನು. ‘ನನಗೆ ಜ್ವರ ಬಂತು’, ‘ನನಗೆ ಸಿಟ್ಟು ಬಂತು’, ‘ನನಗೆ ಅರ್ಥವಾಯಿತು’, ಎಲ್ಲದರಲ್ಲೂ ಇದೇ ಕ್ರಮ. ಜ್ವರ ತಾನಾಗಿ ಬರುತ್ತದೆ, ಸಿಟ್ಟು ತಾನಾಗಿ ಬರುತ್ತದೆ, ಅರ್ಥ ತಾನಾಗಿ ಆಗುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯ ಮುಂದೆ ಬಂದು ಕರ್ತೃವಿನ ಜಾಗದಲ್ಲಿ ಕೂರುತ್ತಾನೆ: ‘ಐ ಗಾಟ್ ಎ ಜಾಬ್’, ‘ಐ ಗಾಟ್ ಫೀವರ್’, ‘ಐ ಗಾಟ್ ಆಂಗ್ರಿ’. ತರಗತಿಯಲ್ಲಿ ‘ಫೀವರ್ ಕೇಮ್ ಟು ಮಿ’ ಎಂದು ಬರೆದ ಹುಡುಗನನ್ನು ನೋಡಿ ಎಲ್ಲರೂ ನಗುತ್ತಾರೆ. ಆತ ದಡ್ಡನೇನಲ್ಲ. ಶುದ್ಧವಾದ ಕನ್ನಡ ವಾಕ್ಯವೊಂದನ್ನು ಇಂಗ್ಲಿಷ್ ಪದಗಳಲ್ಲಿ ಹೇಳಿದ್ದಾನೆ, ಅಷ್ಟೆ. ‘ನನಗೆ’ ಎಂದು ಆರಂಭವಾಗುವ ಕನ್ನಡ ವಾಕ್ಯದ ಕೊನೆಯಲ್ಲಿ ‘ಬಂತು’, ‘ಸಿಕ್ಕಿತು’, ‘ಆಯಿತು’ ಇದ್ದರೆ, ‘ನನಗೆ’ ಎಂಬುದನ್ನು ‘ಐ’ ಮಾಡಿ ‘ಗಾಟ್’ ಹಾಕಿ ನೋಡಿ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಎಲ್ಲ ಕಡೆಯೂ ಒಪ್ಪುವುದಿಲ್ಲ. ‘ನನಗೆ ನಗು ಬಂತು’ ಎಂಬಲ್ಲಿ ಈ ಉಪಾಯ ನಡೆಯದು. ಆದರೆ ಒಪ್ಪುವ ಕಡೆಗಳೇ ಹೆಚ್ಚು.

ಸ್ಥಿತಿ ಬದಲಾಗುವ ಅರ್ಥಕ್ಕೆ ಕನ್ನಡದಲ್ಲಿ ‘ಆಗು’ ಇದೆ. ‘ಇಟ್ ಈಸ್ ಗೆಟ್ಟಿಂಗ್ ಡಾರ್ಕ್’ ಎಂದರೆ ಕತ್ತಲಾಗುತ್ತಿದೆ. ‘ಗೆಟ್ ವೆಲ್’ ಎಂದರೆ ಗುಣವಾಗು. ‘ಗೆಟ್ ಮ್ಯಾರೀಡ್’ ಎಂದರೆ ಮದುವೆಯಾಗು. ‘ಗೆಟ್ ರೆಡಿ’ ಎಂದರೆ ಸಿದ್ಧನಾಗು. ನೋಡಿ, ‘ಆಗು’ ಎಂಬುದನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ‘ಹೊತ್ತಾಯಿತು’, ‘ಆಗಲಿ’, ‘ಆಗೋದಿಲ್ಲ’, ‘ಅವರಿಗೂ ನಮಗೂ ಆಗಿಬರೋದಿಲ್ಲ’ ಎಂದು ನಾವು ದಿನಕ್ಕೆ ನೂರು ಸಲ ಬಳಸುತ್ತೇವೆ. ಒಬ್ಬ ವಿದೇಶಿ ಬಂದು ‘ಆಗು’ ಎಂದರೆ ಏನು ಎಂದು ಕೇಳಿದರೆ ನಾವು ತಬ್ಬಿಬ್ಬಾಗುತ್ತೇವೆ. ‘ಗೆಟ್’ ಬಗ್ಗೆ ಕೇಳಿದರೆ ಇಂಗ್ಲಿಷರ ಪಾಡೂ ಅದೇ.

ಹಡಗಿನಲ್ಲಿ ಬಂದ ಪದ

ಈಗ ಇದರ ಹುಟ್ಟಿನ ವಿಚಾರ. ‘ಗೆಟ್’ ಅಪ್ಪಟ ಇಂಗ್ಲಿಷ್ ಪದವೆಂದೇ ಎಲ್ಲರೂ ತಿಳಿಯುತ್ತಾರೆ. ವಾಸ್ತವವಾಗಿ ಅದು ಸಮುದ್ರ ದಾಟಿ ಬಂದ ಪದ.

ಕ್ರಿ.ಶ. 793ರಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ಎಂಬ ಪುಟ್ಟ ದ್ವೀಪದ ಕ್ರೈಸ್ತ ಮಠದ ಮೇಲೆ ಸ್ಕ್ಯಾಂಡಿನೇವಿಯದ ವೈಕಿಂಗರು ದಾಳಿ ಮಾಡಿದರು. ಮೊದಮೊದಲು ಅವರು ದೋಚಿಕೊಂಡು ಹೋಗುವ ಕಡಲ್ಗಳ್ಳರು. 865ರಲ್ಲಿ ದೊಡ್ಡ ಸೈನ್ಯವೇ ಬಂದಿಳಿಯಿತು. 878ರಲ್ಲಿ ದೊರೆ ಆಲ್‌ಫ್ರೆಡ್ ಅವರನ್ನು ಎಡಿಂಗ್ಟನ್ ಎಂಬಲ್ಲಿ ಸೋಲಿಸಿದನಾದರೂ ದೇಶದಿಂದ ಹೊರಗಟ್ಟಲು ಆಗಲಿಲ್ಲ. ಉತ್ತರ ಮತ್ತು ಪೂರ್ವದ ಪ್ರಾಂತಗಳಲ್ಲಿ ಅವರು ನೆಲೆಸಿ, ಹೊಲ ಉತ್ತು, ಮನೆ ಕಟ್ಟಿದರು. ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ ಮುಂತಾಗಿ ‘ಬಿ’ ಎಂದು ಕೊನೆಗೊಳ್ಳುವ ಊರುಗಳೆಲ್ಲ ಅವರು ಇಟ್ಟ ಹೆಸರುಗಳು. ಅವರ ಭಾಷೆಯಲ್ಲಿ ‘ಬಿ’ ಎಂದರೆ ಊರು, ವಸತಿ. ನಮ್ಮಲ್ಲಿ ‘ಹಳ್ಳಿ’, ‘ಪುರ’, ‘ಕೆರೆ’ ಇದ್ದಂತೆ.

ಅವರ ನುಡಿಗೆ ಹಳೆಯ ನಾರ್ಸ್ ಎಂದು ಹೆಸರು. ಅದೂ ಅಂದಿನ ಇಂಗ್ಲಿಷೂ ಅಕ್ಕತಂಗಿ ಭಾಷೆಗಳು. ಒಬ್ಬರ ಮಾತು ಇನ್ನೊಬ್ಬರಿಗೆ ಸುಮಾರಾಗಿ ತಿಳಿಯುತ್ತಿತ್ತು. ಕೊಡುವುದು, ಕೊಳ್ಳುವುದು, ಹೆಣ್ಣು ತರುವುದು, ಬೇಲಿಗಾಗಿ ಜಗಳವಾಡುವುದು ಎಲ್ಲ ನಡೆದು, ಎರಡು ಭಾಷೆಗಳು ಬೆರೆತವು. ‘ಸ್ಕೈ’, ‘ನೈಫ್’, ‘ಹಸ್ಬೆಂಡ್’, ‘ಲಾ’, ‘ಟೇಕ್’ ಎಲ್ಲ ಹೀಗೆ ಬಂದವು. ‘ವಿಂಡೋ’ ಎಂಬುದು ‘ಗಾಳಿಯ ಕಣ್ಣು’ ಎಂಬ ಅರ್ಥದ ನಾರ್ಸ್ ಪದ. ‘ದೇ’ ಎಂಬ ಸರ್ವನಾಮವೂ ಅವರದೇ.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಭಾಷೆಗೆ ಪಾರ್ಸಿಯಿಂದ ಅರ್ಜಿ, ತಹಶೀಲ್ದಾರ, ದರ್ಜಿ ಮುಂತಾದ ಪದಗಳು ಬಂದಿವೆ. ಇಂಗ್ಲಿಷಿನಿಂದ ಬಸ್ಸು, ಟಿಕೇಟು, ಫೋನು ಬಂದಿವೆ. ಇವೆಲ್ಲ ನಾಮಪದಗಳು. ಕ್ರಿಯಾಪದ ಬೇಕಾದಾಗ ನಾವು ‘ಫೋನ್ ಮಾಡು’ ಎಂದು ನಮ್ಮ ‘ಮಾಡು’ವನ್ನೇ ಜೋಡಿಸುತ್ತೇವೆ. ದಿನನಿತ್ಯದ ಕ್ರಿಯಾಪದವನ್ನು ಒಂದು ಭಾಷೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ‘ಅವರು’ ಎಂಬ ಸರ್ವನಾಮವನ್ನಂತೂ ಬಿಟ್ಟುಕೊಡುವುದೇ ಇಲ್ಲ. ಇಂಗ್ಲಿಷ್ ಬಿಟ್ಟುಕೊಟ್ಟಿತು ಎಂದರೆ ಆ ಇಬ್ಬರು ಜನ ಒಂದೇ ಸೂರಿನ ಕೆಳಗೆ ಬಾಳಿದ್ದರು ಎಂದೇ ಅರ್ಥ. 1066ರ ನಂತರ ಇಂಗ್ಲೆಂಡನ್ನು ಆಳಿದ ನಾರ್ಮನ್ನರು ಫ್ರೆಂಚಿನಿಂದ ಸಾವಿರಾರು ಪದಗಳನ್ನು ತಂದರು. ಅವುಗಳಲ್ಲಿ ಬಹಳಷ್ಟು ಅರಮನೆ, ನ್ಯಾಯಾಲಯ, ಅಡುಗೆಮನೆಯ ಪದಗಳು. ಆಳುವವರ ಭಾಷೆಯಿಂದ ಬರುವ ಪದಗಳೇ ಬೇರೆ, ನೆರೆಮನೆಯಿಂದ ಬರುವ ಪದಗಳೇ ಬೇರೆ.

ನಾರ್ಸ್ ಭಾಷೆಯ ಮೂಲ ರೂಪ ‘ಗೆಟ’. ಪಡೆ, ತಲುಪು, ಸಂತಾನ ಪಡೆ, ಊಹಿಸು ಎಂಬ ಅರ್ಥಗಳೆಲ್ಲ ಅದಕ್ಕಿದ್ದವು. ಹಳೆಯ ಇಂಗ್ಲಿಷಿನಲ್ಲೂ ಅದರ ಒಡಹುಟ್ಟಿದ ಪದವೊಂದಿತ್ತು. ಆದರೆ ಅದು ಒಂಟಿಯಾಗಿ ಅಲ್ಲ, ಬೇರೆ ಪ್ರತ್ಯಯಗಳ ಜತೆ ಸೇರಿಯೇ ಬರುತ್ತಿತ್ತು. ಅದರ ಮೊದಲ ಅಕ್ಷರವನ್ನು ‘ಗ’ ಎಂದಲ್ಲ, ‘ಯ’ ಎಂದು ಉಚ್ಚರಿಸುತ್ತಿದ್ದರು. ಇಂದಿನ ‘ಫರ್ಗೆಟ್’ ಅಂದು ಸುಮಾರಾಗಿ ‘ಫೊರ್‌ಯೆಟನ್’. 14ನೆಯ ಶತಮಾನದ ಕವಿ ಚಾಸರ್‌ನ ಕಾವ್ಯಗಳಲ್ಲೂ ‘ಯ’ಕಾರದ ಈ ರೂಪ ಕಾಣುತ್ತದೆ. ಸುಮಾರು 1200ರ ಹೊತ್ತಿನ ಬರಹಗಳಲ್ಲಿ ‘ಗೆಟ್’ ಒಂಟಿ ಕ್ರಿಯಾಪದವಾಗಿ ಕಾಣಿಸಿಕೊಳ್ಳುತ್ತದೆ. ಮುಂದೆ ನಾರ್ಸಿನ ಗಟ್ಟಿ ‘ಗ’ಕಾರವೇ ಎಲ್ಲೆಡೆ ಗೆದ್ದು, ‘ಫರ್ಗೆಟ್’ ಕೂಡ ಅದನ್ನೇ ಅನುಸರಿಸಿತು. ‘ಫರ್ಗೆಟ್’ ಎಂದರೆ ಏನು ಗೊತ್ತೆ? ‘ಫರ್’ ಎಂಬ ಪ್ರತ್ಯಯಕ್ಕೆ ದೂರ, ತಪ್ಪಿ ಎಂಬ ಛಾಯೆಯಿದೆ. ಹಿಡಿದದ್ದು ಕೈತಪ್ಪಿ ಹೋಯಿತು, ಅದೇ ಮರೆವು.

ಈ ‘ಗ’ ಮತ್ತು ‘ಯ’ಗಳ ಜಗಳಕ್ಕೆ ಸಾಕ್ಷಿಯಾಗಿ ಒಂದು ಸೊಗಸಾದ ಪ್ರಸಂಗವಿದೆ. 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ವಿಲಿಯಂ ಕ್ಯಾಕ್ಸ್‌ಟನ್, 1490ರಲ್ಲಿ ಮುದ್ರಿಸಿದ ಒಂದು ಗ್ರಂಥದ ಮುನ್ನುಡಿಯಲ್ಲಿ ಅದನ್ನು ದಾಖಲಿಸಿದ್ದಾನೆ. ಥೇಮ್ಸ್ ನದಿಯಿಂದ ಹೊರಟ ಕೆಲವು ವ್ಯಾಪಾರಿಗಳು ಗಾಳಿ ಇಲ್ಲದೆ ದಡಕ್ಕೆ ಬಂದು, ಒಬ್ಬ ಗೃಹಿಣಿಯ ಬಳಿ ಮೊಟ್ಟೆ ಕೇಳಿದರು. ಅವರು ಬಳಸಿದ್ದು ‘ಎಗ್’ ಎಂಬ ಪದವನ್ನು. ಆಕೆ, ತನಗೆ ಫ್ರೆಂಚ್ ಬರುವುದಿಲ್ಲ ಎಂದುಬಿಟ್ಟಳು! ಕೇಳಿದವನಿಗೆ ಸಿಟ್ಟು ಬಂತು. ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ‘ಐರನ್’ ಎಂಬ ಹಳೆಯ ಇಂಗ್ಲಿಷ್ ರೂಪದಲ್ಲಿ ಕೇಳಿದಾಗ ಆಕೆಗೆ ತಿಳಿಯಿತು. ‘ಎಗ್’ ನಾರ್ಸಿನದು, ‘ಐರನ್’ ನಾಡಿನದು. ವೈಕಿಂಗರು ಬಂದು ಆರುನೂರು ವರ್ಷವಾದರೂ ಮೊಟ್ಟೆಯ ಹೆಸರು ಇತ್ಯರ್ಥವಾಗಿರಲಿಲ್ಲ. ಸಂದರ್ಶನದಲ್ಲಿ ಕುಳಿತಿದ್ದ ನನಗೂ ಆ ಗೃಹಿಣಿಗೂ ಬಹಳ ವ್ಯತ್ಯಾಸವಿರಲಿಲ್ಲ ಎಂದು ಈಗ ಅನಿಸುತ್ತದೆ.

ಹಡೆದವ್ವನ ನೆಂಟಸ್ತಿಕೆ

‘ಗೆಟ’ ಎಂಬುದಕ್ಕೆ ಸಂತಾನ ಪಡೆಯುವುದು ಎಂಬ ಅರ್ಥವೂ ಇತ್ತು ಎಂದೆನಲ್ಲ, ಅದು ಇಂಗ್ಲಿಷಿನಲ್ಲಿ ‘ಬಿಗೆಟ್’ ಎಂಬ ಪದದಲ್ಲಿ ಉಳಿದಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯವನ್ನು ತೆರೆದರೆ ವಂಶಾವಳಿಯ ಸಾಲುಸಾಲಿನಲ್ಲೂ ಅದರ ಭೂತಕಾಲದ ರೂಪ ‘ಬಿಗ್ಯಾಟ್’ ಕಾಣುತ್ತದೆ. ಕುದುರೆ ಸಾಕುವವರ ಭಾಷೆಯಲ್ಲಿ ಇಂದಿಗೂ ಒಂದು ಗಂಡು ಕುದುರೆಯ ಮರಿಗಳಿಗೆ ಒಟ್ಟಾಗಿ ‘ಗೆಟ್’ ಎಂದೇ ಹೆಸರು. ಇದೇ ಅರ್ಥ ಕೆಳಮುಖವಾಗಿ ಜಾರಿ, ಬ್ರಿಟಿಷ್ ಆಡುಮಾತಿನಲ್ಲಿ ‘ಗಿಟ್’ ಎಂಬ ಬೈಗುಳವಾಯಿತು. ಕಂಪ್ಯೂಟರ್ ಓದುವ ವಿದ್ಯಾರ್ಥಿಗಳು ಕಿವಿ ನೆಟ್ಟಗೆ ಮಾಡಿರಬೇಕು! ಹೌದು, 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ರೂಪಿಸಿದ ‘ಗಿಟ್’ ತಂತ್ರಾಂಶಕ್ಕೆ ಅವರು ತಮಾಷೆಗೆ ಇಟ್ಟ ಹೆಸರು ಆ ಬೈಗುಳವೇ.

ಪಡೆಯುವುದಕ್ಕೂ ಹೆರುವುದಕ್ಕೂ ಒಂದೇ ಪದ ಏಕೆ ಎಂದು ಆಶ್ಚರ್ಯಪಡುವ ಮೊದಲು ನಮ್ಮ ಮನೆಯೊಳಗೆ ನೋಡೋಣ. ಹಳಗನ್ನಡದ ‘ಪಡೆ’ ಎಂಬ ಕ್ರಿಯಾಪದಕ್ಕೆ ಹೊಂದು ಎಂಬ ಅರ್ಥವೂ ಇತ್ತು, ಮಗುವನ್ನು ಹೆರು ಎಂಬ ಅರ್ಥವೂ ಇತ್ತು. ಕನ್ನಡದಲ್ಲಿ ಪದದ ಮೊದಲ ‘ಪ’ಕಾರ ಕಾಲಕ್ರಮದಲ್ಲಿ ‘ಹ’ಕಾರವಾದದ್ದು ನಿಮಗೆ ಗೊತ್ತೇ ಇದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂವು ಹೂವಾಯಿತು. ಹಾಗೆಯೇ ‘ಪಡೆ’ ‘ಹಡೆ’ಯಾಯಿತು. ಆದರೆ ಇಲ್ಲಿ ಒಂದು ವಿಶೇಷ ನಡೆಯಿತು. ಹಳೆಯ ರೂಪವೂ ಸಾಯಲಿಲ್ಲ. ಬಹುಮಾನ ‘ಪಡೆ’ದೆವು, ಮಗುವನ್ನು ‘ಹಡೆ’ದೆವು. ಒಂದು ಪದ ಎರಡಾಗಿ ಅರ್ಥವನ್ನು ಹಂಚಿಕೊಂಡವು. ಉತ್ತರ ಕರ್ನಾಟಕದ ಜನಪದರು ತಾಯಿಯನ್ನು ‘ಹಡೆದವ್ವ’ ಎನ್ನುವಾಗ ಅದರೊಳಗೆ ‘ಪಡೆದವಳು’ ಎಂಬ ಹಳೆಯ ಅರ್ಥವೂ ಮಲಗಿದೆ. ‘ಹೆತ್ತ ತಾಯಿ’ಯ ‘ಹೆರು’ ಕೂಡ ಇಂಥದೇ. ಅದರ ತಮಿಳು ಬಂಧು ‘ಪೆರು’ ಎಂಬುದಕ್ಕೆ ಪಡೆ, ಹೆರು ಎರಡೂ ಅರ್ಥ. ತಂದೆತಾಯಿಗಳು ಆ ಭಾಷೆಯಲ್ಲಿ ‘ಪೆಟ್ರೋರ್’.

ಇಂಗ್ಲಿಷಿನಲ್ಲೂ ಹೀಗೆ ಒಂದು ಎರಡಾದ ಪದಗಳಿವೆ. ‘ಶರ್ಟ್’ ಇಂಗ್ಲಿಷಿನ ಸ್ವಂತ ರೂಪ, ‘ಸ್ಕರ್ಟ್’ ವೈಕಿಂಗರು ತಂದ ಅದೇ ಪದದ ರೂಪ. ಎರಡೂ ಉಳಿದು, ಒಂದು ಸೊಂಟದ ಮೇಲಕ್ಕೆ ಹೋಯಿತು, ಇನ್ನೊಂದು ಕೆಳಕ್ಕೆ ಇಳಿಯಿತು. ಯಾವ ಸಂಬಂಧವೂ ಇಲ್ಲದ ಎರಡು ಭಾಷಾಕುಟುಂಬಗಳಲ್ಲಿ ‘ಪಡೆ’ ಮತ್ತು ‘ಗೆಟ್’ ಒಂದೇ ದಾರಿಯಲ್ಲಿ ನಡೆದಿವೆ. ಮಗುವೆಂದರೆ ಪಡೆದದ್ದು ಎಂದು ಅಲ್ಲಿಯವರಿಗೂ ತೋರಿದೆ, ಇಲ್ಲಿಯವರಿಗೂ ತೋರಿದೆ.

ಈಗ ‘ಕಾಂಪ್ರಿಹೆಂಡ್’ ಕಥೆ. ಭಾಷಾವಿಜ್ಞಾನಿಗಳು ಇಂಗ್ಲಿಷ್, ಲ್ಯಾಟಿನ್, ಸಂಸ್ಕೃತ ಮುಂತಾದ ಭಾಷೆಗಳ ಹಿಂದೆ ಒಂದು ಮೂಲಭಾಷೆಯನ್ನು ತರ್ಕದಿಂದ ಕಟ್ಟಿದ್ದಾರೆ. ಅದರಲ್ಲಿ ಹಿಡಿ, ಕೈಗೆ ತೆಗೆದುಕೋ ಎಂಬ ಅರ್ಥದ ಧಾತುವೊಂದನ್ನು ಊಹಿಸುತ್ತಾರೆ. ಅದರ ಒಂದು ಕವಲು ಉತ್ತರಕ್ಕೆ ಹೋಗಿ ನಾರ್ಸಿನ ‘ಗೆಟ’ ಆಯಿತು. ಇನ್ನೊಂದು ಲ್ಯಾಟಿನ್ನಿನಲ್ಲಿ ‘ಪ್ರೆಹೆಂಡೆರೆ’, ಅಂದರೆ ಹಿಡಿದುಕೊಳ್ಳು, ಎಂದಾಯಿತು. ಅದರಿಂದಲೇ ‘ಕಾಂಪ್ರಿಹೆಂಡ್’ ಬಂದದ್ದು. ಎಂದರೆ ಮನಸ್ಸಿನಲ್ಲಿ ಪೂರ್ತಿಯಾಗಿ ಹಿಡಿ. ಸಂಸ್ಕೃತದ ‘ಗ್ರಹ್’ ಬೇರೆ ಧಾತುವಾದರೂ ‘ಗ್ರಹಿಸು’ ಎಂಬ ನಮ್ಮ ಪದದ ಹಿಂದಿರುವ ಚಿತ್ರ ಇದೇ. ‘ಪ್ರಿಸನ್’, ‘ಅಪ್ರೆಂಟಿಸ್’, ‘ಸರ್‌ಪ್ರೈಸ್’ ಕೂಡ ಆ ಲ್ಯಾಟಿನ್ ಪದದ ಮಕ್ಕಳೇ. ಹಿಡಿದು ಇಡುವ ಜಾಗ ಸೆರೆಮನೆ, ವಿದ್ಯೆಯನ್ನು ಹಿಡಿಯುವವನು ಅಪ್ರೆಂಟಿಸ್. ಒಂದು ಸೂಟುಬೂಟಿನಲ್ಲಿ ಬಂದ ಪದ, ಒಂದು ಬರಿಗಾಲಿನಲ್ಲಿ ಬಂದ ಪದ. ನಾನು ಮೊದಲನೆಯದಕ್ಕೆ ಎದ್ದು ನಮಸ್ಕರಿಸಿ ಎರಡನೆಯದನ್ನು ಗುರುತಿಸದೇ ಹೋದೆ.

ಕೊಳ್ಳುವುದೂ ಬೈಸಿಕೊಳ್ಳುವುದೂ

‘ಗೆಟ್’ ಇರುವ ವಾಕ್ಯಗಳಲ್ಲಿ ವಿದ್ಯಾರ್ಥಿಗಳು ಅತ್ಯಂತ ಕಠಿಣ ಎನ್ನುವವು ಎರಡು ಬಗೆ. ‘ಹಿ ಗಾಟ್ ಎ ಶರ್ಟ್ ಸ್ಟಿಚ್ಡ್’ ಎಂಬುದು ಒಂದು, ‘ಹಿ ಗಾಟ್ ಸ್ಕೋಲ್ಡೆಡ್’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅವನು ಬೇರೆಯವರಿಂದ ಕೆಲಸ ಮಾಡಿಸಿದ. ಎರಡನೆಯದರಲ್ಲಿ ಬೇರೆಯವರು ಅವನಿಗೆ ಏನೋ ಮಾಡಿದರು. ಒಂದೇ ಪದ ಎರಡು ವಿರುದ್ಧ ಕೆಲಸ ಮಾಡುವುದು ಹೇಗೆ ಎಂದು ಕೇಳುತ್ತೀರಿ. ಕನ್ನಡದಲ್ಲಿ ಇವೆರಡನ್ನೂ ಹೇಳಿ ನೋಡಿ: ಅವನು ಅಂಗಿ ಹೊಲಿಸಿಕೊಂಡ. ಅವನು ಬೈಸಿಕೊಂಡ.

ಹೊಲಿಸಿಕೊಂಡ, ಬೈಸಿಕೊಂಡ! ಎರಡರಲ್ಲೂ ಅದೇ ‘ಇಸು’, ಅದೇ ‘ಕೊಳ್ಳು’. ಕ್ಷೌರ ಮಾಡಿಸಿಕೊಳ್ಳುವುದು ನಮ್ಮ ಇಷ್ಟದಿಂದ, ಮೇಷ್ಟ್ರ ಕೈಲಿ ಹೊಡೆಸಿಕೊಳ್ಳುವುದು ಇಷ್ಟವಿಲ್ಲದೆ. ಆದರೂ ವ್ಯಾಕರಣ ಒಂದೇ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ‘ಕೊಳ್ಳು’ ಎಂಬುದು ಸ್ವತಂತ್ರ ಕ್ರಿಯಾಪದವಾಗಿದ್ದಾಗ ಅದರ ಅರ್ಥ ತೆಗೆದುಕೋ, ಪಡೆ ಎಂದು. ಅಂಗಡಿಯಲ್ಲಿ ನಾವು ಸಾಮಾನು ಕೊಳ್ಳುವುದು ಅದೇ ಪದದಿಂದ. ‘ಪಡೆ’ ಎಂಬ ಅರ್ಥದ ಪದವೊಂದು ಸವೆದು ಸವೆದು ಬೇರೆ ಕ್ರಿಯಾಪದಗಳ ಬಾಲವಾಗುವುದು ಕನ್ನಡದಲ್ಲಿ ಆಗಿದೆ. ಇಂಗ್ಲಿಷಿನಲ್ಲಿ ‘ಗೆಟ್’ ಹೀಗೆ ಕರ್ಮಣಿಯ ಕೆಲಸ ಮಾಡತೊಡಗಿದ್ದು ಸುಮಾರಾಗಿ 17ನೆಯ ಶತಮಾನದಿಂದೀಚೆಗೆ.

‘ವಾಸ್ ಸ್ಕೋಲ್ಡೆಡ್’ ಎಂಬುದಕ್ಕೂ ‘ಗಾಟ್ ಸ್ಕೋಲ್ಡೆಡ್’ ಎಂಬುದಕ್ಕೂ ಛಾಯಾಭೇದವಿದೆ. ಮೊದಲನೆಯದು ವರದಿ. ಎರಡನೆಯದರಲ್ಲಿ, ಅವನದೂ ಸ್ವಲ್ಪ ತಪ್ಪಿತ್ತೇನೋ, ಹೋಗಿ ಸಿಕ್ಕಿಹಾಕಿಕೊಂಡ ಎಂಬ ಸುಳಿವು ಹಲವು ಸಲ ಇರುತ್ತದೆ. ‘ಅವನನ್ನು ಬೈದರು’ ಎಂಬುದಕ್ಕೂ ‘ಅವನು ಬೈಸಿಕೊಂಡ’ ಎಂಬುದಕ್ಕೂ ಇರುವ ಅಂತರ ನಿಮ್ಮ ಕಿವಿಗೆ ಕೇಳುತ್ತದೆಯಲ್ಲವೆ? ಅದೇ ಇದು. ಕರ್ಮಣಿ ಪ್ರಯೋಗ ಎಂದೊಡನೆ ನಮಗೆ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ವಾಕ್ಯ ಕಲಿಸುತ್ತಾರೆ. ಹಾಗೆ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ‘ಬೈಸಿಕೊಂಡ’ ಎಂದು ತೋರಿಸಿ ಕಲಿಸಿದ್ದರೆ ಎಷ್ಟೋ ಮಕ್ಕಳಿಗೆ ಆ ಪಾಠ ಹೂವೆತ್ತಿದಷ್ಟು ಹಗುರವಾಗುತ್ತಿತ್ತು.

‘ಗೆಟ್’ ಜತೆಗೆ ಬರುವ ‘ಅಪ್’, ‘ಆನ್’, ‘ಆಫ್’, ‘ಓವರ್’ಗಳ ವಿಚಾರ ದೊಡ್ಡದು. ಒಂದು ಮಾತು ಮಾತ್ರ ಹೇಳುತ್ತೇನೆ. ‘ಗೆಟ್’ ಚಲನೆಯನ್ನು ಕೊಡುತ್ತದೆ, ಹಿಂದೆ ಬರುವ ಪುಟ್ಟ ಪದ ದಿಕ್ಕನ್ನು ಕೊಡುತ್ತದೆ. ‘ಗೆಟ್ ಓವರ್’ ಎಂದರೆ ದಾಟು. ಗೋಡೆಯನ್ನೂ ದಾಟಬಹುದು, ದುಃಖವನ್ನೂ ದಾಟಬಹುದು. ‘ಗೆಟ್ ಬೈ’ ಎಂದರೆ ಹೇಗೋ ಪಕ್ಕದಿಂದ ಸರಿದು ಮುಂದೆ ಹೋಗು, ಅಂದರೆ ಇದ್ದುದರಲ್ಲೇ ಕಾಲ ಹಾಕು. ಬಸ್ಸಿನಿಂದ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಎನ್ನುತ್ತೇವೆ, ಬ್ರಿಟಿಷರು ‘ಗೆಟ್ ಆಫ್’ ಎನ್ನುತ್ತಾರೆ. ನಮ್ಮ ‘ಇಳಿ’ಯಲ್ಲಿ ಕೆಳಗೆ ಬರುವ ಅರ್ಥ ಇರುವುದರಿಂದ ನಮಗೆ ‘ಡೌನ್’ ಸಹಜವಾಗಿ ಕಾಣುತ್ತದೆ. ಭಾರತದಲ್ಲಿ ಇದು ಎಲ್ಲರಿಗೂ ತಿಳಿಯುವ ಪ್ರಯೋಗ. ನಾನು ಇದನ್ನು ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೀಚುವುದನ್ನು ಎಂದೋ ಬಿಟ್ಟಿದ್ದೇನೆ. ಪರೀಕ್ಷೆಯಲ್ಲಿ ಮಾತ್ರ ‘ಆಫ್’ ಎಂದೇ ಬರೆಯಿರಿ.

ಪರೀಕ್ಷೆ ಎಂದಾಗ ನೆನಪಾಯಿತು. ‘ಗೆಟ್’ ಬಳಸಿದರೆ ಅಂಕ ಕಡಿಮೆಯಾಗುತ್ತದೆಯೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಈ ಭಯ ಹಳೆಯದು. 18ನೆಯ ಶತಮಾನದ ಕೊನೆಯಲ್ಲೇ ಇಂಗ್ಲೆಂಡಿನಲ್ಲಿ ‘ಗೆಟ್’ ಒಂದನ್ನೇ ತುರುಕಿ ಪ್ರಯಾಣದ ಕಾಗದ ಹೆಣೆದು ಹಂಗಿಸಿದವರಿದ್ದರು. ನಾವೂ ಹೆಣೆಯಬಹುದು. ಬೆಳಗ್ಗೆ ಐದಕ್ಕೆ ಗಾಟ್ ಅಪ್, ಸ್ನಾನ ಮಾಡಿ ಗಾಟ್ ರೆಡಿ, ಬಸ್ಸು ಬಂತು ಗಾಟ್ ಆನ್, ಸೀಟು ಸಿಕ್ಕಿತು ಗಾಟ್ ಎ ಸೀಟ್, ಮಳೆ ಬಂದು ಗಾಟ್ ವೆಟ್, ಕೊನೆಗೆ ಗಾಟ್ ಹೋಮ್. ಒಂದೇ ಪುಟದಲ್ಲಿ ಇಷ್ಟಾದರೆ ಓದುವವರಿಗೆ ಬೇಸರ ಬರುವುದು ಸಹಜ. ಅದು ಪುನರುಕ್ತಿಯ ದೋಷ, ಪದದ ದೋಷವಲ್ಲ. ಅರ್ಜಿಯಲ್ಲಿ, ವರದಿಯಲ್ಲಿ ‘ರಿಸೀವ್’, ‘ಅಬ್ಟೇನ್’ ಇರಲಿ. ಗೆಳೆಯನಿಗೆ ಬರೆಯುವಾಗ, ಎದುರು ಕುಳಿತು ಮಾತನಾಡುವಾಗ ‘ಗೆಟ್’ ಇಲ್ಲದ ಇಂಗ್ಲಿಷ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಗಿದಂತೆ. ನಮ್ಮಲ್ಲಂತೂ ಅಂಕಗಳನ್ನು ಯಾರೂ ‘ಗೆಟ್’ ಮಾಡುವುದಿಲ್ಲ, ಎಲ್ಲರೂ ‘ಸೆಕ್ಯೂರ್’ ಮಾಡುತ್ತಾರೆ, ಕೋಟೆ ಗೆದ್ದವರ ಹಾಗೆ.

ಅಮೆರಿಕದ ಚಿತ್ರಗಳನ್ನು ನೋಡುವವರು ‘ಗಾಟನ್’ ಎಂಬ ರೂಪ ಕೇಳಿರುತ್ತೀರಿ. ಅದು ತಪ್ಪಲ್ಲ, ಹೊಸದೂ ಅಲ್ಲ. ಇಂಗ್ಲೆಂಡಿನ ಹಳೆಯ ರೂಪವೇ ವಲಸೆಗಾರರ ಜತೆ ಅಮೆರಿಕಕ್ಕೆ ಹೋಗಿ ಅಲ್ಲಿ ಉಳಿಯಿತು. ತವರಿನಲ್ಲಿ ಅದು ಬಹುಮಟ್ಟಿಗೆ ಬಿಟ್ಟುಹೋಗಿ, ‘ಫರ್ಗಾಟನ್’ ಮುಂತಾದ ಜೋಡುಪದಗಳಲ್ಲಿ ಮಾತ್ರ ನಿಂತಿತು. ಅಮೆರಿಕನ್ನರು ಈ ಎರಡನ್ನೂ ಜಾಣತನದಿಂದ ಬಳಸುತ್ತಾರೆ. ‘ಐ ಹ್ಯಾವ್ ಗಾಟ್’ ಎಂದರೆ ನನ್ನಲ್ಲಿದೆ, ‘ಐ ಹ್ಯಾವ್ ಗಾಟನ್’ ಎಂದರೆ ನನಗೆ ಸಿಕ್ಕಿದೆ. ನಾವು ಕಲಿಯುವ ಬ್ರಿಟಿಷ್ ಇಂಗ್ಲಿಷಿನಲ್ಲಿ ಎರಡಕ್ಕೂ ‘ಗಾಟ್’ ಒಂದೇ.

ಅತ್ತ ಐಸ್‌ಲೆಂಡಿನಲ್ಲಿ ಹಳೆಯ ‘ಗೆಟ’ ಇಂದಿಗೂ ಜೀವಂತವಾಗಿದೆ. ಅಲ್ಲಿ ಅದರ ಮುಖ್ಯ ಅರ್ಥ ‘ಸಾಧ್ಯವಾಗು’. ಪಡೆಯುವ ಪದ ಬಲ್ಲೆನೆಂಬ ಪದವಾದದ್ದು ಹೇಗೆ ಎನ್ನುವಿರಾ? ನಾವು ‘ನನಗೆ ಈಜಲು ಬರುತ್ತದೆ’ ಎನ್ನುವುದಿಲ್ಲವೆ? ಈಜು ನಮ್ಮ ಬಳಿಗೆ ಬಂದರೆ ಈಜು ಬಲ್ಲೆವು, ಅಷ್ಟೆ. ಇನ್ನು, ಜಗತ್ತಿನ ಯಾವ ಮೂಲೆಯಲ್ಲಿ ಕುಳಿತು ನೀವು ಅಂತರ್ಜಾಲದ ಒಂದು ಪುಟವನ್ನು ತೆರೆದರೂ, ನಿಮ್ಮ ಯಂತ್ರ ದೂರದ ಇನ್ನೊಂದು ಯಂತ್ರಕ್ಕೆ ಕಳಿಸುವ ಆಜ್ಞೆಯ ಮೊದಲ ಪದ ಸಾಮಾನ್ಯವಾಗಿ ‘ಗೆಟ್’. 1991ರಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಆ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿ ಇದ್ದ ಆಜ್ಞೆ ಅದೊಂದೇ.

ಇನ್ನು ನಿಮ್ಮ ಸರದಿ. ‘ಐ ಗಾಟ್ ಟು ಸೀ ದಿ ಸೀ’, ‘ಐ ಗಾಟ್ ದಿ ಸೈಕಲ್ ರಿಪೇರ್ಡ್’, ‘ಐ ಗಾಟ್ ಕಾಟ್ ಇನ್ ದಿ ರೇನ್’ ಎಂಬ ಮೂರು ವಾಕ್ಯಗಳನ್ನು ಕನ್ನಡಕ್ಕೆ ತನ್ನಿ. ‘ಪಡೆ’ ಎಂಬ ಪದವನ್ನು ಒಂದು ಕಡೆಯೂ ಬಳಸಬೇಡಿ. ಮೊದಲನೆಯದರಲ್ಲಿ ‘ಸಿಕ್ಕಿತು’ ಒದಗಿಬರುತ್ತದೆ, ಎರಡನೆಯದರಲ್ಲಿ ‘ಕೊಂಡೆ’. ಮೂರನೆಯದರಲ್ಲಿ ಮಳೆಗೆ ಏನು ಮಾಡಿದಿರಿ ಎಂಬುದನ್ನು ನಿಮ್ಮ ಊರಿನ ಮಾತಿನಲ್ಲೇ ಬರೆಯಿರಿ.